ಧ್ವಜವಂದನೆಯ ಆಚಾರ್ಯ: ಡಾ. ನಾ. ಸು. ಹರ್ಡೀಕರ

ಭಾರತದ ರಾಷ್ಟ್ರಧ್ವಜದ ಕಥೆಯನ್ನು ಹೇಳುವಾಗ ನಾವು ಸಾಮಾನ್ಯವಾಗಿ ಎರಡು ಮೂರು ಹೆಸರುಗಳಲ್ಲಿಯೇ ನಿಂತುಬಿಡುತ್ತೇವೆ. ಆಂಧ್ರದ ಪಿಂಗಳಿ ವೆಂಕಯ್ಯನವರು ಅದನ್ನು ರೂಪಿಸಿದರು. ಗಾಂಧೀಜಿಯವರು ಅದರಲ್ಲಿ ಚರಕವನ್ನು ಬಯಸಿದರು. 1947ರಲ್ಲಿ ಚರಕದ ಸ್ಥಾನಕ್ಕೆ ಅಶೋಕನ ಚಕ್ರ ಬಂದಿತು. ಶಾಲೆಯ ಮಕ್ಕಳು ಬರೆಯುವ ಪ್ರಬಂಧಕ್ಕೆ ಇಷ್ಟು ಸಾಕು. ಆದರೆ 1921ಕ್ಕೂ 1947ಕ್ಕೂ ನಡುವೆ 1931 ಎಂಬ ಒಂದು ವರ್ಷವಿದೆ. ನಾವಿಂದು ನೋಡುವ ಕೇಸರಿ, ಬಿಳಿ, ಹಸಿರುಗಳ ಕ್ರಮ ನಿಶ್ಚಯವಾದದ್ದು ಆ ವರ್ಷದಲ್ಲಿ. ಅದಕ್ಕಾಗಿ ಕಾಂಗ್ರೆಸ್ಸಿನ ಕಾರ್ಯಕಾರಿ ಸಮಿತಿಯು ಏಳು ಜನರ ಒಂದು ಧ್ವಜ ಸಮಿತಿಯನ್ನು ನೇಮಿಸಿತ್ತು. ವಲ್ಲಭಭಾಯಿ ಪಟೇಲ, ಜವಾಹರಲಾಲ ನೆಹರೂ, ಮೌಲಾನಾ ಅಬುಲ್ ಕಲಾಂ ಆಜಾದ, ಮಾಸ್ಟರ್ ತಾರಾಸಿಂಗ್, ಕಾಕಾ ಕಾಲೇಲಕರ, ಪಟ್ಟಾಭಿ ಸೀತಾರಾಮಯ್ಯ ಇವರು ಆರು ಜನ. ಏಳನೆಯ ಹೆಸರು ಡಾ. ನಾ. ಸು. ಹರ್ಡೀಕರ.

ಈ ಏಳನೆಯ ಹೆಸರು ನಮ್ಮದು. ಜಮಖಂಡಿಯಿಂದ ಉತ್ತರಕ್ಕೆ ಹೊರಟು ಚಿಕ್ಕಪಡಸಲಗಿಯ ಬಳಿ ಕೃಷ್ಣೆಯನ್ನು ದಾಟಿದರೆ ವಿಜಯಪುರದ ಕಡೆಯ ಎರೆಯ ಬಯಲು ತೆರೆದುಕೊಳ್ಳುತ್ತದೆ. ಆ ಬಯಲುಸೀಮೆಯ ತಿಡಗುಂದಿ ಎಂಬ ಊರಿನಲ್ಲಿ 1889ರ ಮೇ 7ರಂದು ನಾರಾಯಣ ಸುಬ್ಬರಾವ ಹರ್ಡೀಕರರು ಜನಿಸಿದರು. ಹೊಳೆಯ ಆಚೆ ಅವರ ಹುಟ್ಟೂರು. ಈಚೆಗೆ, ಮುಧೋಳವನ್ನು ಹಾಯ್ದು ಬರುವ ಘಟಪ್ರಭೆಯ ಮೇಲುದಂಡೆಯಲ್ಲಿ ಅವರು ಕಟ್ಟಿದ ಆರೋಗ್ಯಧಾಮ. ಆದರೂ ನಮ್ಮ ಕಾಲೇಜಿನ ಹುಡುಗರಿಗೆ ಹರ್ಡೀಕರರು ಯಾರೆಂದು ಕೇಳಿದರೆ, ಹತ್ತರಲ್ಲಿ ಒಂಬತ್ತು ಜನ ಹರ್ಡೇಕರ ಮಂಜಪ್ಪನವರ ವಿಷಯ ಹೇಳತೊಡಗುತ್ತಾರೆ. ಬನವಾಸಿಯಲ್ಲಿ ಹುಟ್ಟಿ ಆಲಮಟ್ಟಿಯಲ್ಲಿ ವಿದ್ಯಾಲಯ ನಡೆಸಿದ, ಕರ್ನಾಟಕದ ಗಾಂಧಿಯೆಂದು ಹೆಸರಾದ ಮಂಜಪ್ಪನವರು ಬೇರೆ. ಈ ಡಾಕ್ಟರರು ಬೇರೆ. ಇಬ್ಬರೂ ಸಮಕಾಲೀನರು, ಇಬ್ಬರೂ ದೇಶಕ್ಕಾಗಿ ದುಡಿದವರು, ಹೆಸರುಗಳೂ ಹತ್ತಿರ. ಒಬ್ಬರನ್ನು ಮತ್ತೊಬ್ಬರೆಂದು ತಿಳಿಯುವುದು ಸುಲಭ. ಆದರೆ ಈ ಗೊಂದಲದಿಂದ ಹೆಚ್ಚು ನಷ್ಟವಾದದ್ದು ಡಾಕ್ಟರರಿಗೆ.

ವಂಗಭಂಗದ ಚಳವಳಿ ದೇಶವನ್ನು ಕದಡಿದ ಕಾಲದಲ್ಲಿ ಹರ್ಡೀಕರರು ಇನ್ನೂ ಶಾಲೆಯ ಹುಡುಗರು. 1906ರಲ್ಲಿ ಕಲ್ಕತ್ತೆಯ ಪಾರ್ಸಿಬಾಗಾನಿನಲ್ಲಿ ಹಸಿರು, ಹಳದಿ, ಕೆಂಪು ಪಟ್ಟಿಗಳ ಬಾವುಟವೊಂದು ಏರಿದಾಗ ಅವರಿಗೆ ಹದಿನೇಳು ವರ್ಷ. ಟಿಳಕರ ಸ್ವದೇಶಿ ಮಂತ್ರ ಧಾರವಾಡ, ಹುಬ್ಬಳ್ಳಿ, ಬೆಳಗಾವಿಗಳ ಓಣಿ ಓಣಿಗಳಲ್ಲಿ ಕೇಳಿಬರುತ್ತಿದ್ದ ದಿನಗಳವು. ವಿದ್ಯಾರ್ಥಿದೆಸೆಯಲ್ಲಿಯೇ ಅವರು ಆರ್ಯ ಬಾಲ ಸಭೆ ಎಂಬ ಹುಡುಗರ ಸಂಘವನ್ನು ಕಟ್ಟಿದರು. ಮುಂದಿನ ಹರ್ಡೀಕರರು ಈ ಸಂಘದಲ್ಲಿಯೇ ಬೀಜರೂಪದಲ್ಲಿ ಕಾಣುತ್ತಾರೆ. ಭಾಷಣ ಮಾಡಿ ಜನರನ್ನು ಮರುಳುಗೊಳಿಸುವ ಕಲೆ ಅವರದಾಗಿರಲಿಲ್ಲ. ಹತ್ತು ಹುಡುಗರನ್ನು ಒಂದೆಡೆ ಕೂಡಿಸಿ, ಅವರಿಗೊಂದು ಕೆಲಸ ಹಚ್ಚಿ, ಆ ಕೆಲಸವನ್ನು ಹೊತ್ತಿಗೆ ಸರಿಯಾಗಿ ಮಾಡಿಸುವುದು ಅವರ ಶಕ್ತಿ.

ವೈದ್ಯವಿದ್ಯೆಯನ್ನು ಅವರು ಕಲ್ಕತ್ತೆಯಲ್ಲಿ ಓದಿದರು. ಅಲ್ಲಿಂದ ಅಮೇರಿಕೆಗೆ ತೆರಳಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರದ ಅಧ್ಯಯನ ನಡೆಸಿದರು. ಆಗ ಲಾಲಾ ಲಜಪತರಾಯರು ಸ್ವದೇಶಕ್ಕೆ ಮರಳಲಾರದೆ ಆ ದೇಶದಲ್ಲಿದ್ದರು. 1917ರಲ್ಲಿ ಲಾಲಾಜಿಯವರು ನ್ಯೂಯಾರ್ಕಿನಲ್ಲಿ ಹೋಂ ರೂಲ್ ಲೀಗನ್ನು ಸ್ಥಾಪಿಸಿದಾಗ ಹರ್ಡೀಕರರು ಅವರ ಬಲಗೈಯಾಗಿ ನಿಂತರು. 1918ರಲ್ಲಿ ಆರಂಭವಾದ ಅಲ್ಲಿನ ಯಂಗ್ ಇಂಡಿಯಾ ಪತ್ರಿಕೆಯ ಕೆಲಸದಲ್ಲಿಯೂ, ಊರೂರು ತಿರುಗಿ ಭಾರತದ ಪರವಾಗಿ ಮಾತನಾಡುವ ಕೆಲಸದಲ್ಲಿಯೂ ಅವರು ತೊಡಗಿದ್ದರು.

ಇತ್ತ ಅದೇ 1917ರಲ್ಲಿ ಟಿಳಕರೂ ಆನಿ ಬೆಸೆಂಟರೂ ಎತ್ತಿ ಹಿಡಿದ ಹೋಂ ರೂಲ್ ಬಾವುಟದಲ್ಲಿ ಐದು ಕೆಂಪು ಪಟ್ಟಿಗಳು, ನಾಲ್ಕು ಹಸಿರು ಪಟ್ಟಿಗಳು, ಏಳು ನಕ್ಷತ್ರಗಳು, ಇವೆಲ್ಲದರ ಜೊತೆಗೆ ಒಂದು ಮೂಲೆಯಲ್ಲಿ ಬ್ರಿಟಿಷರ ಧ್ವಜ! ಮನೆ ನನ್ನದು, ಬಾಗಿಲಿನ ಕೀಲಿ ಮಾತ್ರ ನಿನ್ನಲ್ಲಿರಲಿ ಎಂಬಂಥ ವ್ಯವಸ್ಥೆ. ಅಂದಿನ ರಾಜಕಾರಣ ಕೇಳುತ್ತಿದ್ದದ್ದೂ ಅಷ್ಟೇ ಆದ್ದರಿಂದ ಬಾವುಟವನ್ನು ದೂರುವ ಕಾರಣವಿಲ್ಲ. ಅಮೇರಿಕೆಯಲ್ಲಾದರೋ ಸ್ಥಿತಿಯೇ ಬೇರೆ. ಬ್ರಿಟಿಷರೊಡನೆ ಕಾದಾಡಿ ಬಿಡುಗಡೆ ಪಡೆದ ಆ ದೇಶದ ಶಾಲೆಗಳಲ್ಲಿ 1892ರಿಂದಲೂ ಮಕ್ಕಳು ಧ್ವಜದೆದುರು ನಿಂತು ಪ್ರತಿಜ್ಞೆ ಮಾಡುವ ಪದ್ಧತಿ ಬೆಳೆದಿತ್ತು. ಹಲವು ವರ್ಷ ಅಲ್ಲಿ ಕಳೆದ, ಸಂಘಟನೆಯ ಕಣ್ಣುಳ್ಳ ತರುಣನೊಬ್ಬ ಇದನ್ನು ಗಮನಿಸದೆ ಇದ್ದಿರಲಾರನೆಂದು ಊಹಿಸುವುದರಲ್ಲಿ ತಪ್ಪೇನೂ ಇಲ್ಲ.

ಹರ್ಡೀಕರರು 1921ರಲ್ಲಿ ತಾಯ್ನಾಡಿಗೆ ಮರಳಿದರು. ವಿದೇಶದ ಪದವಿ ಕೈಯಲ್ಲಿತ್ತು. ದವಾಖಾನೆ ತೆರೆದು ಕುಳಿತಿದ್ದರೆ ಹುಬ್ಬಳ್ಳಿಯ ಗಣ್ಯರಲ್ಲಿ ಒಬ್ಬರಾಗಿರಬಹುದಿತ್ತು. ಅವರು ಅಸಹಕಾರದ ಪ್ರವಾಹದಲ್ಲಿ ಧುಮುಕಿದರು. ಅವರು ಬಂದ ವರ್ಷವೇ ಧ್ವಜದ ಚರಿತ್ರೆಯಲ್ಲಿಯೂ ಮುಖ್ಯವಾದ ವರ್ಷ. ಬೆಜವಾಡೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಸೇರಿದಾಗ ಪಿಂಗಳಿ ವೆಂಕಯ್ಯನವರು ಕೆಂಪು ಹಸಿರುಗಳ ಬಾವುಟವೊಂದನ್ನು ಗಾಂಧೀಜಿಯವರ ಮುಂದಿಟ್ಟರು. ಜಾಲಂಧರದ ಲಾಲಾ ಹಂಸರಾಜರು ಸೂಚಿಸಿದ್ದ ಚರಕ ಅದರ ಮೇಲಿತ್ತು. ಅದಕ್ಕೆ ಬಿಳಿಯೂ ಸೇರಬೇಕೆಂದು ಗಾಂಧೀಜಿಯವರಿಗೆ ತೋರಿತು. ಹೀಗೆ ಮೇಲೆ ಬಿಳಿ, ನಡುವೆ ಹಸಿರು, ಕೆಳಗೆ ಕೆಂಪು, ಮೂರನ್ನೂ ವ್ಯಾಪಿಸಿದ ದೊಡ್ಡ ಚರಕವಿರುವ ಸ್ವರಾಜ್ಯ ಧ್ವಜ ಹುಟ್ಟಿತು.

ಆ ಬಣ್ಣಗಳಿಗೆ ಅಂದು ಕೊಟ್ಟ ಅರ್ಥ ಇದು: ಕೆಂಪು ಹಿಂದೂಗಳಿಗೆ, ಹಸಿರು ಮುಸಲ್ಮಾನರಿಗೆ, ಬಿಳಿ ಉಳಿದ ಎಲ್ಲ ಧರ್ಮದವರಿಗೆ. ಸಂಖ್ಯೆಯಲ್ಲಿ ಕಡಿಮೆಯಾದವರು ಮೇಲೆ, ಎಲ್ಲರಿಗಿಂತ ಹೆಚ್ಚಾದವರು ಎಲ್ಲರಿಗಿಂತ ಕೆಳಗೆ; ಬಲವುಳ್ಳವನು ಉಳಿದವರನ್ನು ಹೊತ್ತು ನಿಲ್ಲಬೇಕೆಂಬ ಭಾವನೆ ಅದರಲ್ಲಿತ್ತು. ಭಾವನೆ ಉದಾತ್ತವಾದದ್ದು, ನಿಜ. ಆದರೆ ಧರ್ಮಕ್ಕೊಂದು ಬಣ್ಣವೆಂದು ಒಮ್ಮೆ ಲೆಕ್ಕ ಹಚ್ಚಿದ ಮೇಲೆ, ನಮ್ಮ ಬಣ್ಣವೆಲ್ಲಿ ಎಂದು ಕೇಳುವವರನ್ನು ತಡೆಯುವುದು ಹೇಗೆ? ಈ ಪ್ರಶ್ನೆ ಹತ್ತು ವರ್ಷಗಳ ತರುವಾಯ ಹರ್ಡೀಕರರಿದ್ದ ಸಮಿತಿಯ ಮುಂದೆಯೇ ಬರಲಿತ್ತು. ಇನ್ನೊಂದು ಸಂಗತಿಯೂ ಉಂಟು. ಬಿಳಿ, ಹಸಿರು, ಕೆಂಪು ಇದೇ ಕ್ರಮದಲ್ಲಿ ಬಲ್ಗೇರಿಯಾ ದೇಶದ ಧ್ವಜದಲ್ಲಿಯೂ ಇವೆ. ಚರಕವೊಂದನ್ನು ತೆಗೆದರೆ ದೂರದಿಂದ ನೋಡುವವನಿಗೆ ಅದು ಯಾವ ದೇಶದ ಬಾವುಟವೆಂದು ತಿಳಿಯುವಂತಿರಲಿಲ್ಲ.

ಬಾವುಟಕ್ಕೆ ಅರ್ಥ ಬರುವುದು ಅದಕ್ಕಾಗಿ ಜನ ಕಷ್ಟಪಟ್ಟಾಗ. 1923ರ ನಾಗಪುರದ ಧ್ವಜ ಸತ್ಯಾಗ್ರಹ ಅಂಥದೊಂದು ಸಂದರ್ಭ. ಸ್ವರಾಜ್ಯ ಧ್ವಜವನ್ನು ಹಿಡಿದು ಸಿವಿಲ್ ಲೈನ್ಸ್ ಎಂಬ ಸರಕಾರಿ ಬಡಾವಣೆಯೊಳಗೆ ಮೆರವಣಿಗೆ ಹೋಗಕೂಡದೆಂದು ಅಧಿಕಾರಿಗಳು ತಡೆದರು; ಹೋಗಿಯೇ ತೀರುವೆವೆಂದು ಸತ್ಯಾಗ್ರಹಿಗಳು ಹೊರಟರು. ಮೇ ತಿಂಗಳ ಬಿಸಿಲಲ್ಲಿ ಮೊದಲಾದ ಹೋರಾಟಕ್ಕೆ ಜಮನಾಲಾಲ ಬಜಾಜರು ಮುಂದಾಳಾದರು. ಅವರು ಸೆರೆಯಾದ ಮೇಲೆ ವಲ್ಲಭಭಾಯಿ ಪಟೇಲರು ಬಂದರು. ಪ್ರತಿ ದಿನವೂ ಒಂದು ತಂಡ ಬಾವುಟ ಹಿಡಿದು ಹೊರಡುವುದು, ಗೆರೆಯ ಬಳಿ ಸೆರೆಯಾಗುವುದು, ಮರುದಿನ ಮತ್ತೊಂದು ತಂಡ. ದೇಶದ ನಾನಾ ಭಾಗಗಳಿಂದ ಸ್ವಯಂಸೇವಕರು ಬಂದರು. ಹುಬ್ಬಳ್ಳಿಯಿಂದ ಹರ್ಡೀಕರರ ಸೇವಾ ಮಂಡಲದ ತರುಣರು ಬಂದರು.

ನಾಗಪುರದ ಸೆರೆಮನೆಯ ಜೀವನ ಕಠೋರವಾಗಿತ್ತು. ಕ್ಷಮಾಪಣೆ ಬರೆದುಕೊಟ್ಟರೆ ಬಿಡುಗಡೆ ಎಂಬ ಬಾಗಿಲನ್ನು ಸರಕಾರ ಯಾವಾಗಲೂ ತೆರೆದಿಟ್ಟಿತ್ತು. ಉತ್ಸಾಹದಿಂದ ಬಂದ ಎಷ್ಟೋ ಜನ ಆ ಬಾಗಿಲಿನಿಂದ ಹೊರಬಿದ್ದರು. ಹುಬ್ಬಳ್ಳಿಯ ತಂಡ ಮಾತ್ರ ಕ್ಷಮಾಪಣೆ ಬರೆಯಲಿಲ್ಲ. ಸೆರೆಗೆ ಹೋಗುವುದು ಒಂದು ದಿನದ ಸಾಹಸ. ಸೆರೆಯಲ್ಲಿ ಉಳಿಯುವುದಕ್ಕೆ ನಿತ್ಯದ ಅಭ್ಯಾಸ ಬೇಕು. ಈ ಹುಡುಗರಿಗೆ ಆ ಅಭ್ಯಾಸವಿತ್ತು. ಆಗಸ್ಟಿನಲ್ಲಿ ಮೆರವಣಿಗೆಗೆ ದಾರಿ ಬಿಟ್ಟುಕೊಡುವುದು ಸರಕಾರಕ್ಕೆ ಅನಿವಾರ್ಯವಾಯಿತು. ಹುಬ್ಬಳ್ಳಿಯವರ ಹೆಸರು ದೇಶದ ನಾಯಕರ ಬಾಯಲ್ಲಿ ಬಂದಿತು.

ಅದೇ ವರ್ಷದ ಕೊನೆಗೆ ಕಾಕಿನಾಡೆಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ದೇಶಕ್ಕೆಲ್ಲ ಒಂದೇ ಶಿಸ್ತಿನ ಸ್ವಯಂಸೇವಕ ಸಂಸ್ಥೆ ಬೇಕೆಂಬ ಹರ್ಡೀಕರರ ವಿಚಾರ ಅಲ್ಲಿ ಕೈಗೂಡಿತು. ಮುಂದೆ ಹಿಂದುಸ್ಥಾನಿ ಸೇವಾದಳವೆಂದು ಹೆಸರಾದ ಸಂಸ್ಥೆ ಇದೇ. ತರುಣ ಜವಾಹರಲಾಲರು ಅಧ್ಯಕ್ಷರು, ಹರ್ಡೀಕರರು ಕಾರ್ಯದರ್ಶಿಗಳು, ಕೇಂದ್ರ ಕಚೇರಿ ಹುಬ್ಬಳ್ಳಿ. ಎಲ್ಲರೂ ಇದನ್ನು ಸಂತೋಷದಿಂದ ಬರಮಾಡಿಕೊಂಡರೆಂದು ತಿಳಿಯಬಾರದು. ಕವಾಯತು, ಸಮವಸ್ತ್ರ, ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯುವುದು ಇವೆಲ್ಲ ಸೈನ್ಯದ ಲಕ್ಷಣಗಳು, ಅಹಿಂಸೆಯ ಚಳವಳಿಗೆ ಇವೇಕೆ ಎಂದು ಕಾಂಗ್ರೆಸ್ಸಿನ ಹಿರಿಯರಲ್ಲಿಯೇ ಹಲವರು ಮೂಗು ಮುರಿದರು. ಈ ಆಕ್ಷೇಪ ಹುರುಳಿಲ್ಲದ್ದೇನಲ್ಲ. ಸಮವಸ್ತ್ರದ ಮರುಳು ಎಲ್ಲಿಗೆ ಒಯ್ಯಬಲ್ಲದೆಂಬುದನ್ನು ಯುರೋಪು ಆ ಕಾಲದಲ್ಲಿಯೇ ಕಾಣತೊಡಗಿತ್ತು. ಆದರೆ ನಾಗಪುರವನ್ನು ಕಂಡು ಬಂದ ಹರ್ಡೀಕರರಿಗೆ ಬೇರೊಂದು ಪಾಠ ದೊರೆತಿತ್ತು. ಪೆಟ್ಟು ಕೊಡುವವನಿಗಿಂತ ಪೆಟ್ಟು ತಿಂದೂ ಕೈಯೆತ್ತದವನಿಗೆ ಹೆಚ್ಚಿನ ಶಿಸ್ತು ಬೇಕು ಎಂಬುದೇ ಆ ಪಾಠ. ದಳವನ್ನು ಅವರು ಕಟ್ಟಿದ್ದು ಈ ನಂಬಿಕೆಯ ಮೇಲೆ.

ಮರುವರ್ಷವೇ ಪರೀಕ್ಷೆ ಒದಗಿತು. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯ ಅಧಿವೇಶನ. ಗಂಗಾಧರರಾವ ದೇಶಪಾಂಡೆಯವರು ವ್ಯವಸ್ಥೆಯ ಹೊಣೆ ಹೊತ್ತರು. ಸ್ವಯಂಸೇವಕರ ಹೊಣೆ ಹರ್ಡೀಕರರದು. ಹೊಲದ ನಡುವೆ ವಿಜಯನಗರವೆಂಬ ಹೆಸರಿನ ಊರೇ ಎದ್ದಿತು. ನೀರು, ನೈರ್ಮಲ್ಯ, ಜನಸಂದಣಿ ಎಲ್ಲವನ್ನೂ ನೋಡಿಕೊಳ್ಳುವುದು ಅಲ್ಪ ಕೆಲಸವಲ್ಲ. ಇಲ್ಲಿ ಡಾಕ್ಟರರ ಆರೋಗ್ಯಶಾಸ್ತ್ರವೂ ಉಪಯೋಗಕ್ಕೆ ಬಂದಿತು. ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರರು ಸುಮಾರು 150 ಮಂದಿ ಸ್ತ್ರೀಯರನ್ನು ಸ್ವಯಂಸೇವಿಕೆಯರನ್ನಾಗಿ ಕರೆತಂದರು. ವಿಧವೆಯರೂ ಗೃಹಿಣಿಯರೂ ಹೊಸ್ತಿಲು ದಾಟಿ ಬಂದು ಸಾರ್ವಜನಿಕ ಸಭೆಯ ವ್ಯವಸ್ಥೆಗೆ ನಿಂತದ್ದು ನಮ್ಮ ಸೀಮೆಯಲ್ಲಿ ಅಂದು ಕಂಡರಿಯದ ನೋಟ.

ದಳದ ತರಬೇತಿಯ ಶಿಬಿರಗಳು ಒಂದೊಂದಾಗಿ ಹಲವು ಪ್ರಾಂತಗಳಲ್ಲಿ ನಡೆದವು. ನಮ್ಮ ಬಾಗಲಕೋಟೆಯಲ್ಲಿ ದಳದ ವ್ಯಾಯಾಮ ಶಿಕ್ಷಣದ ಶಾಲೆಯಿತ್ತು. ಇವೆಲ್ಲಕ್ಕಿಂತ ಸಣ್ಣದಾಗಿ ಕಂಡರೂ ದೂರಕ್ಕೆ ಮುಟ್ಟಿದ ಕೆಲಸವೊಂದಿದೆ. ಪ್ರತಿ ತಿಂಗಳ ಕೊನೆಯ ರವಿವಾರ ಬೆಳಗಿನ ಎಂಟು ಗಂಟೆಗೆ ಧ್ವಜವಂದನೆ ಮಾಡುವ ಪದ್ಧತಿ ಸೇವಾದಳದಿಂದ ರೂಢಿಗೆ ಬಂದಿತು. ಮೆರವಣಿಗೆಯಲ್ಲಿ ಕೈಯಲ್ಲಿ ಹಿಡಿದು ಬೀಸುವ ವಸ್ತುವಾಗಿದ್ದ ಬಾವುಟಕ್ಕೆ ಒಂದು ಕಂಬ, ಒಂದು ಹೊತ್ತು, ಒಂದು ವಿಧಿ ದೊರೆತವು. ಕಂಬದ ಸುತ್ತ ಸಾಲಾಗಿ ನಿಲ್ಲುವುದು, ಹಗ್ಗವೆಳೆದು ಏರಿಸುವುದು, ಅರಳಿದೊಡನೆ ವಂದಿಸುವುದು, ಸುಮ್ಮನೆ ನಿಂತು ಹಾಡುವುದು. ಇಂದು ಯಾವ ಹಳ್ಳಿಯ ಶಾಲೆಯ ಅಂಗಳದಲ್ಲಿಯಾದರೂ ಆಗಸ್ಟ್ 15ರಂದು ನಡೆಯುವುದು ಇದೇ ಅಲ್ಲವೆ? ಹುಟ್ಟಿನಿಂದ ಕಂಡದ್ದನ್ನು ನಾವು ಅನಾದಿಯಿಂದ ಬಂದದ್ದೆಂದು ತಿಳಿಯುತ್ತೇವೆ. ಆದರೆ ಇದನ್ನು ಒಬ್ಬರು ಯೋಚಿಸಬೇಕಾಯಿತು, ಸಾವಿರಾರು ಜನಕ್ಕೆ ಕಲಿಸಬೇಕಾಯಿತು.

ಇನ್ನು 1931ರ ಸಮಿತಿಯ ವಿಷಯ. 1921ರ ಸ್ವರಾಜ್ಯ ಧ್ವಜ ಕಾಂಗ್ರೆಸ್ಸಿನ ಯಾವ ನಿರ್ಣಯದಿಂದಲೂ ಅಂಗೀಕೃತವಾಗಿರಲಿಲ್ಲ. ಬಳಕೆಯ ಬಲದಿಂದಲೇ ಅದು ಬಾಳಿತು. 1929ರ ಡಿಸೆಂಬರ್ 31ರ ನಡುರಾತ್ರಿ ಲಾಹೋರಿನ ರಾವಿ ದಂಡೆಯ ಮೇಲೆ ಪೂರ್ಣ ಸ್ವರಾಜ್ಯದ ಘೋಷಣೆಯೊಡನೆ ಏರಿದ್ದೂ ಅದೇ ಧ್ವಜ. ಆದರೆ ಧರ್ಮಕ್ಕೊಂದು ಬಣ್ಣವೆಂಬ ಲೆಕ್ಕ ಈಗ ತಿರುಗಿ ನಿಂತಿತ್ತು. ತಮ್ಮ ಬಣ್ಣವೂ ಧ್ವಜದಲ್ಲಿರಲಿ, ಇಲ್ಲವಾದರೆ ಯಾರ ಬಣ್ಣವೂ ಅಲ್ಲದ ಧ್ವಜವಾಗಲಿ ಎಂದು ಸಿಖ್ಖರು ಪಟ್ಟು ಹಿಡಿದರು. ಅವರ ಮಾತಿನಲ್ಲಿ ನ್ಯಾಯವಿತ್ತು. 1931ರ ಏಪ್ರಿಲ್ 2ರಂದು ಕರಾಚಿಯಲ್ಲಿ ಕಾರ್ಯಕಾರಿ ಸಮಿತಿಯು ಈ ತೊಡಕನ್ನು ಬಿಡಿಸಲು ಏಳು ಜನರನ್ನು ನೇಮಿಸಿತು. ಪಟ್ಟಾಭಿಯವರು ಅದರ ಸಂಚಾಲಕರು. ಆ ಏಳು ಜನರಲ್ಲಿ ನಾಯಕರಿದ್ದರು, ವಿದ್ವಾಂಸರಿದ್ದರು, ಆಕ್ಷೇಪಿಸಿದವರ ಮುಖಂಡರೂ ಇದ್ದರು. ಬಾವುಟವನ್ನು ತಿಂಗಳು ತಿಂಗಳು ಏರಿಸುವ ಕೈ ಎಂದರೆ ಹರ್ಡೀಕರರದು. ಅವರನ್ನು ಸೇರಿಸಿಕೊಂಡದ್ದು ಈ ಕಾರಣಕ್ಕೇ ಎಂದು ನನಗೆ ತೋರುತ್ತದೆ.

ಸಮಿತಿಯು ಪ್ರಾಂತೀಯ ಕಾಂಗ್ರೆಸ್ ಸಮಿತಿಗಳ ಅಭಿಪ್ರಾಯವನ್ನು ಕೇಳಿತು. ಕೊನೆಗೆ ಅದು ಮಾಡಿದ ಶಿಫಾರಸು ಇಂದಿನ ಓದುಗರಿಗೆ ಆಶ್ಚರ್ಯವನ್ನುಂಟುಮಾಡಬಹುದು. ಮೂರು ಬಣ್ಣಗಳನ್ನೂ ಬಿಟ್ಟು ಇಡೀ ಧ್ವಜವು ಒಂದೇ ಕೇಸರಿ ಬಣ್ಣದ್ದಾಗಿರಲಿ, ಕಂಬದ ಕಡೆಯ ಮೇಲಿನ ಮೂಲೆಯಲ್ಲಿ ಚರಕವಿರಲಿ ಎಂಬುದೇ ಆ ಶಿಫಾರಸು. ಬಣ್ಣಗಳು ಹೆಚ್ಚಿದಷ್ಟೂ ಹಂಚಿಕೆಯ ಜಗಳ; ಒಂದೇ ಬಣ್ಣವಾದರೆ ಜಗಳಕ್ಕೆ ಎಡೆಯಿಲ್ಲ. ಕೇಸರಿ ಈ ದೇಶದ ಪ್ರಾಚೀನ ಪರಂಪರೆಯೊಡನೆ ಬೆಸೆದ ಬಣ್ಣ. ಬೇರೆ ದೇಶಗಳ ಧ್ವಜಗಳಿಂದ ಥಟ್ಟನೆ ಬೇರೆಯಾಗಿ ಕಾಣುವ ಬಣ್ಣ. ತರ್ಕದಲ್ಲಿ ಇದಕ್ಕೆ ಕುಂದು ಹೇಳುವುದು ಕಷ್ಟ.

ಆದರೆ ಧ್ವಜವನ್ನು ನೋಡುವ ಕಣ್ಣು ತರ್ಕದಿಂದ ನೋಡುವುದಿಲ್ಲ. ಕಾರ್ತಿಕ, ಆಷಾಢಗಳಲ್ಲಿ ಪಂಢರಪುರಕ್ಕೆ ಹೊರಡುವ ವಾರಕರಿಗಳ ಹೆಗಲ ಮೇಲಿನ ಪತಾಕೆ ಯಾವ ಬಣ್ಣದ್ದೆಂಬುದು ನಮ್ಮ ಕೃಷ್ಣಾತೀರದ ಮಕ್ಕಳಿಗೂ ಗೊತ್ತು. ಆ ಬಣ್ಣದಲ್ಲಿ ಒಬ್ಬನಿಗೆ ವೈರಾಗ್ಯ ಕಂಡರೆ ಇನ್ನೊಬ್ಬನಿಗೆ ಒಂದು ಮತದ ಗುರುತು ಕಾಣುತ್ತದೆ. ಒಂದೇ ಬಣ್ಣದಿಂದ ಹಂಚಿಕೆಯ ಜಗಳ ನಿಲ್ಲಬಹುದು, ಆದರೆ ಇಡೀ ಬಟ್ಟೆ ಒಬ್ಬರ ಪಾಲಾಯಿತೆಂಬ ಸಂಶಯ ಹುಟ್ಟಬಹುದು. ಅಖಿಲ ಭಾರತ ಕಾಂಗ್ರೆಸ್ ಸಮಿತಿಯು ಆಗಸ್ಟಿನಲ್ಲಿ ಮುಂಬಯಿಯಲ್ಲಿ ಕೂಡಿ ಈ ಶಿಫಾರಸನ್ನು ಒಪ್ಪದೆ ಬಿಟ್ಟಿತು. ಮೂರು ಬಣ್ಣಗಳು ಉಳಿದವು, ಬದಲಾದ ರೂಪದಲ್ಲಿ. ಕೆಂಪು ಹೋಗಿ ಸಮಿತಿಯ ಕೇಸರಿ ಬಂದಿತು, ಅದು ಮೇಲಕ್ಕೇರಿತು. ಬಿಳಿ ನಡುವಿಗೆ ಇಳಿಯಿತು. ಹಸಿರು ಕೆಳಗೆ ನಿಂತಿತು. ಚರಕವು ಬಿಳಿಯ ಪಟ್ಟಿಯ ನಡುವೆ ನೀಲಿಯಾಯಿತು. ಈ ಬಣ್ಣಗಳಿಗೆ ಮತಧರ್ಮಗಳ ಸಂಬಂಧವಿಲ್ಲವೆಂದು ಸ್ಪಷ್ಟವಾಗಿ ಸಾರಲಾಯಿತು. ಕೇಸರಿ ಧೈರ್ಯ ಮತ್ತು ತ್ಯಾಗಕ್ಕೆ, ಬಿಳಿ ಸತ್ಯ ಮತ್ತು ಶಾಂತಿಗೆ, ಹಸಿರು ಶ್ರದ್ಧೆ ಮತ್ತು ವೀರಗುಣಕ್ಕೆ, ಚರಕ ಬಡಜನತೆಯ ಆಸೆಗೆ ಎಂದಾಯಿತು.

ಇಲ್ಲಿ ಭಾಷೆಯ ಪಾಠ ಹೇಳುವವನ ಚಪಲದಿಂದ ಒಂದು ಮಾತು. ಪಂಕಜವೆಂದರೆ ಕೆಸರಿನಲ್ಲಿ ಹುಟ್ಟಿದ್ದು, ಇದು ಯೌಗಿಕಾರ್ಥ. ಕೆಸರಿನಲ್ಲಿ ಹುಟ್ಟುವ ವಸ್ತುಗಳು ಎಷ್ಟೋ ಇದ್ದರೂ ಆ ಶಬ್ದ ಕೇಳಿದೊಡನೆ ನಮಗೆ ಹೊಳೆಯುವುದು ತಾವರೆ ಮಾತ್ರ. ಇದು ರೂಢಿಯ ಬಲ. ಯಾವ ಪಂಡಿತಸಭೆಯೂ ನಿರ್ಣಯ ಮಾಡಿ ರೂಢಾರ್ಥವನ್ನು ಹುಟ್ಟಿಸಲಾರದು. ಸಾವಿರಾರು ಬಾಯಿಗಳಲ್ಲಿ ಬಳಸಿ ಬಳಸಿ ಅದು ನಿಲ್ಲಬೇಕು. ಬಣ್ಣಗಳಿಗೂ ಇದೇ ನ್ಯಾಯ. ಹತ್ತು ವರ್ಷ ಧರ್ಮಗಳ ಹೆಸರಿನಲ್ಲಿ ಕಂಡ ಬಣ್ಣಗಳನ್ನು ಇಂದಿನಿಂದ ಗುಣಗಳ ಹೆಸರಿನಲ್ಲಿ ಕಾಣಿರಿ ಎಂದು ಮುಂಬಯಿಯ ನಿರ್ಣಯ ಹೇಳಿತು. ಹೇಳುವುದು ಅದರ ಕೆಲಸ. ಆ ಅರ್ಥವನ್ನು ರೂಢಿಗೆ ತರುವುದು ಮತ್ತೊಬ್ಬರ ಕೆಲಸವಾಗಿತ್ತು. ಬೇರೆ ಬೇರೆ ಧರ್ಮಗಳ ಜನ ಒಂದೇ ಕಂಬದ ಕೆಳಗೆ ಒಂದೇ ಸಾಲಿನಲ್ಲಿ ತಿಂಗಳಿಗೊಮ್ಮೆ ನಿಲ್ಲದೆ ಅದು ಆಗುವಂತಿರಲಿಲ್ಲ.

ಹೊಸ ಧ್ವಜವನ್ನು ದೇಶಾದ್ಯಂತ ಏರಿಸುವ ಧ್ವಜದಿನವನ್ನು 1931ರ ಆಗಸ್ಟ್ 30ರಂದು ಆಚರಿಸಲಾಯಿತು. ಪಂಚಾಂಗವನ್ನು ನೋಡಿದರೆ ಆ ದಿನ ರವಿವಾರ, ಅದೂ ತಿಂಗಳ ಕೊನೆಯ ರವಿವಾರ. ಸೇವಾದಳದ ಧ್ವಜವಂದನೆಯ ದಿನ. ತಾವು ಸದಸ್ಯರಾಗಿದ್ದ ಸಮಿತಿಯ ಶಿಫಾರಸು ಬಿದ್ದುಹೋಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಸಭೆ ಒಪ್ಪಿದ ಧ್ವಜವನ್ನು ಹರ್ಡೀಕರರ ದಳ ತನ್ನ ಕಂಬಕ್ಕೆ ಏರಿಸಿತು. ಸಮಿತಿಯಲ್ಲಿ ಕುಳಿತು ಒಂದು ಅಭಿಪ್ರಾಯ ಕೊಡುವುದು, ಅದು ಬಿದ್ದಾಗ ಗೊಣಗದೆ ಗೆದ್ದ ಅಭಿಪ್ರಾಯದ ಹೊರೆಯನ್ನು ಹೊರುವುದು ಇವೆರಡೂ ಒಬ್ಬನಲ್ಲಿಯೇ ಕೂಡುವುದು ಸುಲಭವಲ್ಲ. ನಮ್ಮ ಸಾಹಿತ್ಯ ಸಂಸ್ಥೆಗಳ ಸಮಿತಿಗಳಲ್ಲಿ ಕುಳಿತವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ವರ್ಷ ಸೇವಾದಳವು ಕಾಂಗ್ರೆಸ್ಸಿನ ಅಧಿಕೃತ ಸ್ವಯಂಸೇವಕ ಅಂಗವಾಯಿತು. 1932ರಲ್ಲಿ ಸರಕಾರ ಅದನ್ನು ಕಾನೂನುಬಾಹಿರವೆಂದು ಸಾರಿತು. ಮುಂದೆ 1934ರಲ್ಲಿ ಕಾಂಗ್ರೆಸ್ಸಿನ ಮೇಲಿನ ನಿಷೇಧವನ್ನು ತೆಗೆದಾಗಲೂ ದಳದ ಮೇಲಿನ ನಿಷೇಧ ಉಳಿಯಿತು. ಮಾತನಾಡುವ ಸಭೆಗಿಂತ ಸಾಲುಗಟ್ಟಿ ನಿಲ್ಲುವ ದಳಕ್ಕೆ ಸರಕಾರ ಹೆಚ್ಚು ಅಂಜಿತೆಂಬುದು ಹರ್ಡೀಕರರ ಕೆಲಸಕ್ಕೆ ದೊರೆತ ಪ್ರಮಾಣಪತ್ರವೆನ್ನಬಹುದು.

ಸಂಸ್ಥಾನಗಳ ಪ್ರಜೆಗಳಿಗೆ ಈ ಧ್ವಜದ ಅರ್ಥ ಇನ್ನೂ ಸೂಕ್ಷ್ಮವಾಗಿತ್ತು. ನಮ್ಮ ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು. ಅರಸರಿಗೆ ಅವರವರ ಲಾಂಛನಗಳು. ಅಂಥಲ್ಲಿ ತ್ರಿವರ್ಣವನ್ನು ಏರಿಸುವುದೆಂದರೆ ಅರಮನೆಗಿಂತ ದೊಡ್ಡದಾದ ದೇಶವೊಂದಿದೆ ಎಂದು ಸಾರಿದಂತೆ. ಮೈಸೂರು ಸಂಸ್ಥಾನದಲ್ಲಿ 1938ರ ಏಪ್ರಿಲಿನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ನಿಷೇಧವನ್ನು ಮೀರಿ ಧ್ವಜ ಏರಿತು. ಅದೇ ತಿಂಗಳು 25ರಂದು ವಿದುರಾಶ್ವತ್ಥದಲ್ಲಿ ಧ್ವಜಕ್ಕಾಗಿ ಕೂಡಿದ ಜನರ ಮೇಲೆ ಗುಂಡು ಹಾರಿ ಪ್ರಾಣಗಳು ಹೋದವು. ಆ ಬಳಿಕ ಸಂಸ್ಥಾನದ ಧ್ವಜದೊಡನೆ ತ್ರಿವರ್ಣಕ್ಕೂ ಎಡೆ ದೊರೆಯಿತು. ಬಣ್ಣಗಳ ಹೊಸ ಅರ್ಥ ರೂಢಿಗೆ ಬಂದದ್ದು ಇಂಥ ಬೆಲೆ ತೆತ್ತು.

1947ರ ಜುಲೈ 22ರಂದು ಸಂವಿಧಾನ ಸಭೆ ಅಂಗೀಕರಿಸಿದ ಧ್ವಜವು 1931ರ ಧ್ವಜವೇ. ಒಂದು ಬದಲಾವಣೆ ಮಾತ್ರ. ಚರಕಕ್ಕೆ ಬದಲಾಗಿ ಸಾರನಾಥದ ಅಶೋಕಸ್ತಂಭದ ಚಕ್ರ, 24 ಅರೆಗಳದು, ನೀಲಿಯದು. ಇದಕ್ಕೆ ಧರ್ಮಚಕ್ರದ ಅರ್ಥವನ್ನು ಎಲ್ಲರೂ ಹೇಳುತ್ತಾರೆ. ನೆಹರೂ ಅವರು ಅಂದು ಸಭೆಯಲ್ಲಿ ಕೊಟ್ಟ ಇನ್ನೊಂದು ಕಾರಣ ಕಸಬುದಾರನ ಕಾರಣ. ಧ್ವಜವನ್ನು ಎರಡೂ ಬದಿಯಿಂದ ನೋಡುತ್ತಾರೆ. ಚರಕಕ್ಕೆ ಒಂದು ಬದಿ ಚಕ್ರ, ಇನ್ನೊಂದು ಬದಿ ಕದಿರು. ಹಿಂದಿನಿಂದ ನೋಡಿದರೆ ಅದು ತಿರುವುಮುರುವಾಗಿ ಕಾಣುತ್ತದೆ. ಚಕ್ರವಾದರೆ ಎರಡು ಕಡೆಯಿಂದಲೂ ಒಂದೇ. ಚರಕ ಹೋದದ್ದಕ್ಕೆ ಗಾಂಧೀಜಿಯವರಿಗೆ ಮೊದಲು ಸಮಾಧಾನವಿರಲಿಲ್ಲ. ಆದರೂ ಚರಕ ಪೂರ್ತಿಯಾಗಿ ಹೋಗಲಿಲ್ಲವೆಂಬುದನ್ನು ಮುಂದೆ ಹೇಳುತ್ತೇನೆ.

ಸ್ವಾತಂತ್ರ್ಯದ ತರುವಾಯದ ಹರ್ಡೀಕರರ ಜೀವನವನ್ನು ಚಿಕ್ಕದಾಗಿ ಹೇಳಬಹುದು. 1952ರಿಂದ 1962ರ ವರೆಗೆ ಅವರು ರಾಜ್ಯಸಭೆಯ ಸದಸ್ಯರಾಗಿದ್ದರು. 1958ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂದಿತು. ಮಂತ್ರಿಪದವಿಯ ಮೆಟ್ಟಿಲನ್ನು ಅವರು ಹತ್ತಲಿಲ್ಲ. ಅವರ ಮನಸ್ಸು ನೆಲೆಸಿದ್ದು ಗೋಕಾಕ ತಾಲೂಕಿನ ಘಟಪ್ರಭಾದಲ್ಲಿ. ಡಾಕ್ಟರ ಮಿತ್ರರೊಡನೆ ಅವರು ಅಲ್ಲಿ ಕಟ್ಟಿದ ಕರ್ನಾಟಕ ಆರೋಗ್ಯಧಾಮವು ಸುತ್ತಲಿನ ಹಳ್ಳಿಗಳ ರೋಗಿಗಳಿಗೆ ಆಸರೆಯಾಯಿತು. ಕಲ್ಕತ್ತೆ ಮಿಶಿಗನ್‌ಗಳಲ್ಲಿ ಕಲಿತ ವಿದ್ಯೆ ಹೀಗೆ ಕೊನೆಗೂ ತನ್ನ ದಾರಿ ಕಂಡುಕೊಂಡಿತು. 1975ರ ಆಗಸ್ಟ್ 26ರಂದು ಅವರು ತೀರಿಕೊಂಡರು. ಜನ್ಮಶತಾಬ್ದಿಯ ವರ್ಷವಾದ 1989ರಲ್ಲಿ ಅವರ ಚಿತ್ರವುಳ್ಳ ಅಂಚೆಚೀಟಿ ಹೊರಬಿದ್ದಿತು. ಅದೇ 1989ರಲ್ಲಿ ನಮ್ಮ ಚಿಕ್ಕಪಡಸಲಗಿಯ ಬಳಿ ರೈತರು ತಾವೇ ಹಣ ಕೂಡಿಸಿ, ತಾವೇ ಮೈಮುರಿದು ದುಡಿದು ಕೃಷ್ಣೆಗೆ ಬಾಂದಾರವನ್ನು ಕಟ್ಟಿ ಮುಗಿಸಿದರು. ಅದಕ್ಕೆ ಶ್ರಮಬಿಂದು ಸಾಗರವೆಂದು ಹೆಸರಿಟ್ಟರು. ಎರಡಕ್ಕೂ ನೇರ ಸಂಬಂಧವೇನಿಲ್ಲ. ಆದರೆ ಸ್ವಯಂಸೇವೆಯೆಂಬ ಪದಕ್ಕೆ ಉದಾಹರಣೆ ಕೊಡುವಾಗ ನನಗೆ ಈ ಎರಡೂ ಒಟ್ಟಿಗೆ ನೆನಪಾಗುತ್ತವೆ.

ಚರಕ ಪೂರ್ತಿಯಾಗಿ ಹೋಗಲಿಲ್ಲವೆಂದೆನಲ್ಲ. ಧ್ವಜದ ಮುಖದಿಂದ ಅದು ಮರೆಯಾಗಿ ಧ್ವಜದ ಮೈಯೊಳಗೆ ಸೇರಿತು. ಕೈಯಿಂದ ನೂತ ನೂಲು, ಕೈಮಗ್ಗದಲ್ಲಿ ನೇಯ್ದ ಬಟ್ಟೆ, ಅದರಿಂದಲೇ ರಾಷ್ಟ್ರಧ್ವಜವಾಗಬೇಕೆಂಬುದು ಬಹುಕಾಲದ ನಿಯಮವಾಗಿತ್ತು. ಭಾರತದ ಮಾನಕ ಸಂಸ್ಥೆಯು ವಸ್ತುಗಳಿಗೆ ಗೊತ್ತುಮಾಡಿದ ಮಾನಕಗಳಲ್ಲಿ ಮೊದಲನೆಯ ಸಂಖ್ಯೆ ರಾಷ್ಟ್ರಧ್ವಜದ್ದು. ಉದ್ದ ಅಗಲಗಳು 3ಕ್ಕೆ 2ರ ಪ್ರಮಾಣದಲ್ಲಿರಬೇಕು. ಒಂಬತ್ತು ಅಳತೆಗಳುಂಟು, ಎಲ್ಲಕ್ಕೂ ದೊಡ್ಡದು 6300 ಮಿಲಿಮೀಟರ್ ಉದ್ದ, 4200 ಅಗಲ, ಎಲ್ಲಕ್ಕೂ ಚಿಕ್ಕದು 150ಕ್ಕೆ 100. ನೂಲಿನ ಎಳೆ, ಹಾಸು ಹೊಕ್ಕುಗಳ ಲೆಕ್ಕ, ಬಣ್ಣದ ಛಾಯೆ, ಹೊಲಿಗೆ, ಹಗ್ಗ ಎಲ್ಲಕ್ಕೂ ಕಟ್ಟುಗಳಿವೆ. ಬನಹಟ್ಟಿ ರಬಕವಿಯ ನೇಕಾರರಿಗೆ ಇದರ ಕಷ್ಟ ಬೇರೆ ಹೇಳಬೇಕಾಗಿಲ್ಲ. ಒಂದೇ ಬಣ್ಣವನ್ನು ಎರಡು ಸಲ ಅದ್ದಿದರೆ ಎರಡು ಛಾಯೆ ಬರುವುದು ಅವರ ನಿತ್ಯದ ಅನುಭವ.

ಈ ಕೆಲಸವೂ ನಮ್ಮ ಸೀಮೆಯನ್ನೇ ಹುಡುಕಿಕೊಂಡು ಬಂದಿತು. ಧಾರವಾಡದ ಬಳಿಯ ಗರಗದ ಖಾದಿ ಕೇಂದ್ರ ಧ್ವಜದ ಬಟ್ಟೆಗೆ ಹೆಸರಾಯಿತು. 1957ರ ನವೆಂಬರ್ 1ರಂದು ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಹುಬ್ಬಳ್ಳಿಯ ಬೆಂಗೇರಿಯಲ್ಲಿ ಮಾನಕ ಸಂಸ್ಥೆಯ ಮನ್ನಣೆ ಪಡೆದು ಧ್ವಜಗಳನ್ನು ಸಿದ್ಧಪಡಿಸತೊಡಗಿತು. ಅದಕ್ಕೆ ಬೇಕಾದ ಬಟ್ಟೆ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯ ಮಗ್ಗಗಳಿಂದ ಬರುತ್ತದೆ. ನೂಲುವವರೂ ನೇಯುವವರೂ ಬಹುಮಟ್ಟಿಗೆ ಹೆಂಗಸರು. ಸಮಿತಿಯ ಏಳನೆಯ ಸದಸ್ಯರು ಸೇವಾದಳದ ಕಚೇರಿಯನ್ನಿಟ್ಟಿದ್ದ ಊರಿನಲ್ಲಿಯೇ ಇಂದು ಆ ಧ್ವಜ ಹೊಲಿಯಲ್ಪಡುತ್ತಿದೆ. ಹೊಲಿಯುವವರಲ್ಲಿ ಎಷ್ಟು ಜನಕ್ಕೆ ಅವರ ಹೆಸರು ಗೊತ್ತು ಎಂದು ಕೇಳಲು ನನಗೆ ಧೈರ್ಯವಿಲ್ಲ. ನಮ್ಮ ಹುಡುಗರಿಗೇ ಗೊತ್ತಿಲ್ಲವೆಂದ ಮೇಲೆ ಅವರನ್ನು ಕೇಳುವ ಹಕ್ಕು ನನಗೆಲ್ಲಿ?

2021ರ ಡಿಸೆಂಬರ್ 30ರಂದು ಧ್ವಜಸಂಹಿತೆ ತಿದ್ದುಪಡಿಯಾಗಿ ಯಂತ್ರದಲ್ಲಿ ಮಾಡಿದ ಧ್ವಜಕ್ಕೂ ಪಾಲಿಯೆಸ್ಟರಿಗೂ ಅನುಮತಿ ದೊರೆಯಿತು. ಮನೆಮನೆಗೆ ಧ್ವಜ ಮುಟ್ಟಬೇಕಾದರೆ ಅಗ್ಗದ ಬಟ್ಟೆ ಬೇಕೆಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ 1931ರ ನಿರ್ಣಯದಲ್ಲಿ ಚರಕಕ್ಕೆ ಕೊಟ್ಟ ಅರ್ಥ ಬಡಜನತೆಯ ಆಸೆ ಎಂಬುದಾಗಿತ್ತು. ತುಳಸಿಗೇರಿಯ ಮಗ್ಗದ ಮುಂದೆ ಕುಳಿತ ಹೆಣ್ಣುಮಗಳಿಗೆ ಆ ಅರ್ಥ ಇಂದಿಗೂ ಅಕ್ಷರಶಃ ನಿಜವಾದದ್ದು. ಹಂಜಿಯಿಂದ ನೂಲಾಗಿ, ನೂಲಿನಿಂದ ಬಟ್ಟೆಯಾಗಿ, ಗಜಕ್ಕೆ ಇಷ್ಟೆಂದು ಅವಳ ಕೂಲಿಯಾಗಿ ಬರುವ ಅರ್ಥ ಅದು. ಅವಳ ಮಗ್ಗದಿಂದ ಇಳಿದ ಬಟ್ಟೆ ಹುಬ್ಬಳ್ಳಿಗೆ ಹೋಗುತ್ತದೆ. ಅಲ್ಲಿ ಮೂರು ಬಣ್ಣಗಳಲ್ಲಿ ಅದ್ದಲ್ಪಟ್ಟು, ಬಿಳಿಯ ಪಟ್ಟಿಯ ಎರಡೂ ಬದಿಗೆ ಚಕ್ರದ ಅಚ್ಚು ಒತ್ತಿಸಿಕೊಂಡು, ಹೊಲಿಗೆಯಾಗಿ, ಮಡಿಕೆಯಾಗಿ ದೇಶದ ನಾನಾ ಕಡೆಗೆ ಹೊರಡುತ್ತದೆ.